ಪುರುಷಪ್ರಧಾನ ಅಂದ್ರೆ ಏನು ಅಂತ ಕೇಳಿದ್ರಲ್ಲ ಮೇಡಂ: ನಿರ್ಮಲಾ ಸೀತಾರಾಮನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ,

ನಮಸ್ಕಾರ ಮೇಡಂ. ನೀವು 2016ರಿಂದ ನಮ್ಮ ಕರ್ನಾಟಕದ ಕಡೆಯಿಂದಲೇ ರಾಜ್ಯಸಭೆಯಲ್ಲಿ ಇರೋರು, ಆ ಸಲಿಗೆ ಇಟ್ಕೊಂಡು ಬರೀತಿದೀನಿ, ಮಾತು ಸ್ವಲ್ಪ ನೇರ ಆದ್ರೆ ಹೊಟ್ಟೆಗೆ ಹಾಕೊಳಿ.

2024ರ ನವೆಂಬರಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಹುಡುಗ ಹುಡುಗೀರ ಜೊತೆ ಮಾತಾಡ್ತಾ ನೀವು ಪೇಟ್ರಿಯಾರ್ಕಿ, ಅಂದ್ರೆ ಪುರುಷಪ್ರಧಾನ ವ್ಯವಸ್ಥೆ, ಅನ್ನೋದು ಎಡಪಂಥೀಯರು ಹುಟ್ಟಿಸಿದ ಪರಿಕಲ್ಪನೆ, ಅದು ನಿಜವಾಗ್ಲೂ ಹೆಂಗಸರಿಗೆ ಅಡ್ಡ ಬರೋ ಹಾಗಿದ್ರೆ ಇಂದಿರಾ ಗಾಂಧಿ ಹೆಂಗೆ ಪ್ರಧಾನಿ ಆದ್ರು ಅಂತ ಕೇಳಿದ್ರಿ. ದೊಡ್ಡ ದೊಡ್ಡ ಪದಗಳಿಗೆ ಮರುಳಾಗ್ಬೇಡಿ, ಎದ್ದು ನಿಂತು ಲಾಜಿಕ್ ಆಗಿ ಮಾತಾಡಿದ್ರೆ ಯಾವ ಪೇಟ್ರಿಯಾರ್ಕಿನೂ ನಿಮ್ಮನ್ನ ತಡೆಯಲ್ಲ ಅಂತಾನೂ ಅಂದ್ರಿ. ಹೆಂಗಸರಿಗೆ ಇರೋ ಅನುಕೂಲಗಳು ಸಾಲ್ದು ಅಂತ ಅದೇ ಸಭೇಲಿ ಒಪ್ಕೊಂಡ್ರಿ, ಅದನ್ನ ಬಿಟ್ಟು ಬರೆದ್ರೆ ನಿಮಗೆ ಅನ್ಯಾಯ ಆಗತ್ತೆ. ಆದ್ರೆ ಮೇಡಂ ಆ ಭಾಗ ಯಾರೂ ಶೇರ್ ಮಾಡಲ್ಲ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಈಗ್ಲೂ ಓಡಾಡೋದು ಮೊದಲನೇ ತುಂಡು ಮಾತ್ರ, ಮನೇಲಿ ಯಾವ್ದಾದ್ರೂ ಹೆಣ್ಣುಮಗಳು ಪಾಲಿನ ವಿಷಯ ತೆಗೆದ್ಲು ಅಂತ ಗೊತ್ತಾದ್ರೆ ಸಾಕು, ಯಾರಾದ್ರೂ ಒಬ್ಬ ಅಣ್ಣನೋ ಭಾವನೋ ಆ ವಿಡಿಯೋನ ಒಂದು ನಗೋ ಇಮೋಜಿ ಜೊತೆ ಫಾರ್ವರ್ಡ್ ಮಾಡಿರ್ತಾನೆ, ನೋಡು ಹಣಕಾಸು ಮಂತ್ರಿನೇ ಹೇಳಿದಾರೆ ಅಂತ.

ನಾನು ಎಡಾನೂ ಗೊತ್ತಿಲ್ದೋಳು ಬಲಾನೂ ಗೊತ್ತಿಲ್ದೋಳು. ಹಳೇ ಮೈಸೂರು ಕಡೆ ಒಂದು ತಾಲ್ಲೂಕಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಪತ್ರ ಬರೆಯೋ ಅಂಗಡಿ ನಂದು, ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಿಲ್ಲು, ಅಫಿಡವಿಟ್ಟು ಎಲ್ಲಾ ಟೈಪ್ ಮಾಡ್ಕೊಡ್ತೀನಿ. ನಮ್ಮಪ್ಪ ಟೈಪ್‌ರೈಟರ್ ಕಾಲದಲ್ಲಿ ಶುರು ಮಾಡಿದ್ದು. ನಂಗೆ ಅಣ್ಣತಮ್ಮ ಯಾರೂ ಇಲ್ಲ ಹಂಗಾಗಿ ಅಂಗಡಿ ನಂಗೆ ಬಂತು, ಇದ್ದಿದ್ರೆ ಏನಾಗ್ತಿತ್ತೋ ಅನ್ನೋದು ಬೇರೆ ಮಾತು. ನೀವು ಬರೀ ದೊಡ್ಡ ಪದ, ಜಾರ್ಗನ್ ಅಂದ್ರಲ್ಲ ಆ ಪೇಟ್ರಿಯಾರ್ಕಿ, ಅದನ್ನ ನಾನು ಯಾವ ಪುಸ್ತಕದಲ್ಲೂ ಕಲೀಲಿಲ್ಲ, ನನ್ನ ಟೇಬಲ್ ಮೇಲೆ ಅದು ಸ್ಟಾಂಪ್ ಪೇಪರ್ ಮೇಲೇನೇ ಬರತ್ತೆ.

ಹಕ್ಕು ಖುಲಾಸೆ ಪತ್ರ ಅಂತ ಇದೆ, ಎಲ್ರೂ ರಿಲೀಸ್ ಡೀಡ್ ಅಂತಾರೆ. ಅಪ್ಪ ತೀರ್ಕೊಂಡಿರ್ತಾರೆ, ಜಮೀನು ಅಣ್ಣತಮ್ಮಂದಿರ ಹೆಸ್ರಿಗೆ ಆಗ್ಬೇಕು, ಅದಕ್ಕೆ ಕೊಟ್ಟ ಹೆಣ್ಣುಮಕ್ಕಳು ಬಂದು ನಮಗೇನೂ ಬೇಡ ಅಂತ ಸೈನ್ ಹಾಕ್ಬೇಕು. ಆವತ್ತಿನ ದಿನ ಹೆಂಗಿರತ್ತೆ ಅಂತ ಹೇಳ್ತೀನಿ ಕೇಳಿ. ಬೆಳಿಗ್ಗೆನೇ ಅಣ್ಣ ಕಾರ್ ಮಾಡಿಸ್ಕೊಂಡು ಅಕ್ಕತಂಗೀರನ್ನೆಲ್ಲ ಅವ್ರವ್ರ ಊರಿಂದ ಕರ್ಕೊಂಡು ಬಂದಿರ್ತಾನೆ. ಒಳ್ಳೆ ಸೀರೆ ಉಟ್ಕೊಂಡು ಮದುವೆಗೆ ಬಂದ ಹಾಗೆ ಬಂದಿರ್ತಾರೆ. ಕಾಫಿ ಆಗತ್ತೆ, ಇಡ್ಲಿ ವಡೆ ಆಗತ್ತೆ, ಸರ್ವರ್ ಡೌನ್ ಅಂತ ಮಧ್ಯಾಹ್ನದ ತನಕ ಆಫೀಸ್ ಮುಂದೆ ಹೊಂಗೆ ಮರದ ಕೆಳಗೆ ಕೂತಿರ್ತಾರೆ, ಮಕ್ಕಳ ಮಾರ್ಕ್ಸು, ಯಾರಿಗೆ ಶುಗರ್ರು, ಎಲ್ಲಾ ಮಾತಾಡ್ತಾರೆ, ಜಮೀನು ಮಾತ್ರ ಮಾತಾಡಲ್ಲ. ಪತ್ರದಲ್ಲಿ ನಾನು ಟೈಪ್ ಮಾಡಿರ್ತೀನಿ, ಯಾರ ಒತ್ತಾಯ ಒತ್ತಡವೂ ಇಲ್ಲದೆ ಸ್ವಇಚ್ಛೆಯಿಂದ ಸ್ವಸ್ಥಚಿತ್ತದಿಂದ ಬರೆಸಿಕೊಟ್ಟ ಹಕ್ಕು ಖುಲಾಸೆ ಪತ್ರ ಅಂತ. ಅದು ಫಾರ್ಮ್ಯಾಟು, ಕಂಪ್ಯೂಟರಲ್ಲಿ ಸೇವ್ ಆಗಿರತ್ತೆ, ಹೆಸ್ರು ಸರ್ವೆ ನಂಬರ್ ಚೆಕ್ಕುಬಂದಿ ಬದಲಾಯಿಸಿದ್ರೆ ಆಯ್ತು.

ನಾನು ಎಲ್ರಿಗೂ ಓದಿ ಹೇಳ್ತೀನಿ, ನಮ್ಮಪ್ಪ ಹಾಕಿಕೊಟ್ಟ ರೂಢಿ. ಇದಕ್ಕೆ ಸೈನ್ ಹಾಕಿದ್ರೆ ಮುಂದೆ ನಿಮಗಾಗ್ಲಿ ನಿಮ್ಮ ಮಕ್ಕಳಿಗಾಗ್ಲಿ ಕೇಳೋ ಹಕ್ಕು ಇರಲ್ಲ ಕಣಮ್ಮ ಅಂತ ಬಿಡಿಸಿ ಹೇಳ್ತೀನಿ. ಒಂದ್ಸಲ ಒಬ್ಬರು, ಐವತ್ತರ ಆಸುಪಾಸಿನೋರು, ಗಾರ್ಮೆಂಟ್ಸಲ್ಲಿ ಕೆಲಸ ಮಾಡಿ ಬೆನ್ನು ನೋವು ಅಂತ ಬಿಟ್ಟೋರು, ಅಣ್ಣ ಸಿಗರೇಟ್ ಸೇದಕ್ಕೆ ಆಚೆ ಹೋದಾಗ ಮೆಲ್ಲಗೆ ಕೇಳಿದ್ರು, ಇವಾಗ ಒಂದೆಕ್ರೆಗೆ ಏನ್ ನಡೀತಿದೆ ಇಲ್ಲಿ ಅಂತ. ಹೇಳ್ದೆ. ಸುಮ್ನಾದ್ರು. ಯಾಕಮ್ಮ ಸೈನ್ ಹಾಕ್ತೀಯ ಹಂಗಾದ್ರೆ ಅಂದ್ರೆ, ಹಾಕ್ದಿದ್ರೆ ನಾಳಿಂದ ತವ್ರು ಅಂತ ಎಲ್ಲಿಗ್ ಹೋಗ್ಲಕ್ಕ, ಗೌರಿ ಹಬ್ಬಕ್ಕೆ ಬಾಗಿನ ಕೊಡೋರು ಯಾರು ನಂಗೆ, ಅಂದ್ರು. ಅಷ್ಟೊತ್ತಿಗೆ ಅಣ್ಣ ಬಂದ. ಅಣ್ಣ ಕೆಟ್ಟೋನೇನಲ್ಲ ಮೇಡಂ, ಅಪ್ಪಂದು ಡಯಾಲಿಸಿಸ್‌ಗೆ ಅವನೇ ಸಾಲ ಮಾಡಿದ್ದಂತೆ, ತಂಗಿ ಮದುವೆ ಸಾಲಾನೂ ಅವನೇ ತೀರ್ಸಿದ್ದಂತೆ. ಆದ್ರೂ ಅರಿಶಿಣ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕವರಲ್ಲಿ ಹಾಕಿ ಎಲೆ ಅಡಿಕೆ ಮೇಲೆ ಇಟ್ಟು ಕೊಟ್ಟ, ಅದು ಆ ಜಮೀನಿನ ಒಂದು ಗುಂಟೆ ರೇಟೂ ಅಲ್ಲ.

ಪುರುಷಪ್ರಧಾನ ಅಂದ ತಕ್ಷಣ ಗಂಡಸರೆಲ್ಲ ಮೈಮೇಲೆ ಬರ್ತಾರಲ್ಲ, ನಾವೇನ್ ಹೊಡೀತೀವಾ ಬಡೀತೀವಾ ಅಂತ, ಅವ್ರಿಗೆ ಈ ಅಣ್ಣನ್ನ ತೋರಿಸ್ಬೇಕು ಅನ್ಸತ್ತೆ ನಂಗೆ. ಹೊಡೆಯೋಕೆ ಬಡಿಯೋಕೆ ಪೊಲೀಸ್ ಸ್ಟೇಷನ್ನಿದೆ, ಅದಕ್ಕೆ ಬೇರೆ ಸೆಕ್ಷನ್ನಿದೆ. ಈ ಪದ ಇರೋದು ಒಳ್ಳೆ ಅಣ್ಣ ಇದ್ದಾಗ್ಲೂ, ಯಾರೂ ಯಾರನ್ನೂ ಬೈಯದೆ ಇದ್ದಾಗ್ಲೂ, ಆಸ್ತಿ ಒಂದೇ ದಿಕ್ಕಿಗೆ ಹರಿಯೋ ಹಾಗೆ ಮನೆ ಕಟ್ಟಿರ್ತಾರಲ್ಲ ಅದಕ್ಕೆ. ಯಾರ ಹೆಸರಲ್ಲಿ ಪಹಣಿ ಇರತ್ತೆ, ಯಾರು ಸೈನ್ ಹಾಕಿ ಬಿಟ್ಟುಕೊಡ್ತಾರೆ, ಯಾರ ಕಡೆಯವ್ರು ವಾರಸುದಾರರು ಆಗ್ತಾರೆ, ಈ ಮೂರು ನೋಡಿದ್ರೆ ಮುಗೀತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮ ಅಜ್ಜೀರು ಹೇಳ್ತಿದ್ರು, ಅವ್ರು ಯಾವ ಎಡಪಂಥೀಯರ ಮೀಟಿಂಗಿಗೂ ಹೋದೋರಲ್ಲ.

ಇಂದಿರಾ ಗಾಂಧಿ ವಿಷಯಕ್ಕೆ ಬರ್ತೀನಿ. ಅವ್ರು ಪ್ರಧಾನಿ ಆಗಿದ್ದು 1966ರಲ್ಲಿ, ನಿಜ. 1978ರಲ್ಲಿ ನಮ್ಮ ಚಿಕ್ಕಮಗಳೂರಿಂದಾನೇ ಉಪಚುನಾವಣೆ ಗೆದ್ದು ಮತ್ತೆ ಲೋಕಸಭೆಗೆ ಹೋದ್ರು, ಅದೂ ನಿಜ. ಆವತ್ತು ಅವ್ರಿಗೆ ವೋಟ್ ಹಾಕಕ್ಕೆ ಕ್ಯೂ ನಿಂತಿದ್ದ ರೈತರ ಮನೆ ಹೆಣ್ಣುಮಕ್ಕಳಿಗೆ ಅಪ್ಪನ ಮನೆ ಪಿತ್ರಾರ್ಜಿತ ಆಸ್ತೀಲಿ ಹುಟ್ಟಿನಿಂದ ಬರೋ ಹಕ್ಕು ಅಂತ ಒಂದು ಗುಂಟೆನೂ ಇರ್ಲಿಲ್ಲ, ಅದು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ ಅದನ್ನ ಬದಲಾಯಿಸಿದ್ದು 1994ರಲ್ಲಿ, ಅದೂ ಮದುವೆ ಆಗದೆ ಇರೋ ಹೆಣ್ಣುಮಕ್ಕಳಿಗೆ ಮಾತ್ರ. ದೇಶಕ್ಕೆಲ್ಲ ಅಂತ ಕೇಂದ್ರ ಬದಲಾಯಿಸಿದ್ದು 2005ರಲ್ಲಿ. ಆಮೇಲೆ ಅಪ್ಪ 2005ಕ್ಕೆ ಮೊದ್ಲೇ ತೀರ್ಕೊಂಡಿದ್ರೆ ಬರತ್ತಾ ಬರಲ್ವಾ ಅಂತ ಕೋರ್ಟುಗಳಲ್ಲೇ ಜಗಳ, ಒಂದು ತೀರ್ಪು ಹಿಂಗೆ ಇನ್ನೊಂದು ಹಂಗೆ, ಕೊನೆಗೆ 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಬರತ್ತೆ ಅಂತ ಹೇಳಿ ಮುಗಿಸ್ತು. ಅಂದ್ರೆ ಒಬ್ಬ ಹೆಂಗಸು ದೇಶ ಆಳಿದ್ರು, ತೀರ್ಕೊಂಡ್ರು, ಅವ್ರು ಹೋಗಿ 20 ವರ್ಷ ಕಳೆದ್ಮೇಲೆ ಉಳಿದ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಸಮ ಹಕ್ಕು ಬಂತು. ನೀವು ಲಾಜಿಕ್ ಅಂದ್ರಲ್ಲ ಮೇಡಂ, ಒಬ್ಬರು ಮೇಲೆ ಹೋದ್ರು ಅನ್ನೋದ್ರಿಂದ ಮಿಕ್ಕವ್ರಿಗೆ ಅಡ್ಡ ಇರ್ಲಿಲ್ಲ ಅಂತ ಆಗತ್ತಾ.

ಹಕ್ಕು ಬಂದ್ಮೇಲೆ ಏನಾಯ್ತು ಅಂದ್ರೆ ನನ್ನಂತೋರಿಗೆ ಕೆಲಸ ಜಾಸ್ತಿ ಆಯ್ತು. ಮೊದ್ಲು ಹೆಣ್ಣುಮಕ್ಕಳ ಸೈನ್ ಯಾರಿಗೂ ಬೇಕಾಗಿರ್ಲಿಲ್ಲ, ಈಗ ಬೇಕು. ಕೆಲವ್ರು ಅದೂ ಬೇಡ ಅಂತ ವಂಶವೃಕ್ಷದಲ್ಲೇ ಹೆಣ್ಣುಮಕ್ಕಳ ಹೆಸ್ರು ಬಿಟ್ಬಿಡಕ್ಕಾಗಲ್ವಾ ಅಂತ ಕೇಳ್ಕೊಂಡು ಬರ್ತಾರೆ, ಏನೋ ರೇಷನ್ ಕಾರ್ಡಲ್ಲಿ ಹೆಸ್ರು ತೆಗೆಸಿದಷ್ಟು ಸಲೀಸಾಗಿ. ನಾನು ಬರ್ಕೊಡಲ್ಲ. ಪಕ್ಕದ ಅಂಗಡಿಗೆ ಹೋಗ್ತಾರೆ. 2015-16ರ ಕೃಷಿ ಗಣತೀಲಿ ದೇಶದ ಜಮೀನು ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರ ಹತ್ತಿರ ಇದ್ರು, ಹೊಲಕ್ಕೆ ಹೋಗಿ ನೋಡಿದ್ರೆ ಕಳೆ ಕೀಳ್ತಿರೋರು ನಾಟಿ ಹಾಕ್ತಿರೋರು ಯಾರು ಅಂತ ನಿಮಗೂ ಗೊತ್ತು ನನಗೂ ಗೊತ್ತು.

ಇಲ್ಲಿವರೆಗೂ ಹೇಳಿದ್ದು ಮನೆಮಂದಿ ಮನಸ್ಸಿನ ವಿಷಯ ಅಂತ ನೀವು ಹೇಳ್ಬೋದು, ಕಾನೂನು ಸಮ ಮಾಡಿದೀವಿ, ಜನ ಬದಲಾಗ್ಬೇಕು ಅಂತ. ಸರಿ. ಜನರ ಮಾತು ಬಿಡಿ, ಕಾನೂನೇ ತೋರಿಸ್ತೀನಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 15ನೇ ಸೆಕ್ಷನ್. ವಿಲ್ ಬರೆಯದೆ ಹೆಂಗಸು ತೀರ್ಕೊಂಡ್ರೆ ಅವಳ ಆಸ್ತಿ ಯಾರಿಗೆ ಅಂತ. ಮೊದ್ಲು ಮಕ್ಕಳು ಮತ್ತೆ ಗಂಡ. ಅವ್ರಿಲ್ಲ ಅಂದ್ರೆ ಗಂಡನ ವಾರಸುದಾರರು. ಅವ್ರೂ ಇಲ್ಲ ಅಂದ್ರೆ ಆವಾಗ ಮೂರನೇ ನಂಬರಲ್ಲಿ ಹೆತ್ತ ಅಪ್ಪ ಅಮ್ಮ. ಮಕ್ಕಳಿಲ್ದೆ ತೀರ್ಕೊಂಡು, ಆಸ್ತಿ ಅಪ್ಪ ಅಮ್ಮನಿಂದ ಬಂದಿದ್ದಾದ್ರೆ ವಾಪಸ್ ಅಪ್ಪನ ಕಡೆಗೆ ಹೋಗತ್ತೆ, ಅದೊಂದು ಸಮಾಧಾನ, ಆದ್ರೆ ಅವಳೇ ದುಡಿದಿದ್ದು, ಸಂಬಳ, ಸೈಟು, ಎಫ್‌ಡಿ, ಅದೆಲ್ಲ ಗಂಡನ ಕಡೆಗೇ. ಈಗ ಗಂಡಸು ವಿಲ್ ಇಲ್ದೆ ತೀರ್ಕೊಂಡ್ರೆ ಅನ್ನೋ ಪಟ್ಟಿ ತೆಗೆದು ನೋಡಿ. ಹೆಂಡತಿ, ಮಕ್ಕಳು, ಅಮ್ಮ ಮೊದಲನೇ ಸಾಲಲ್ಲಿ, ಆಮೇಲೆ ಅಪ್ಪ, ಅಣ್ಣತಮ್ಮ, ಅಕ್ಕತಂಗಿ, ಹಂಗೇ ಹೋಗತ್ತೆ. ಮೇಲಿಂದ ಕೆಳಗಿನ ತನಕ ಬೆರಳಿಟ್ಟು ಹುಡುಕಿದ್ರೂ ಹೆಂಡತಿ ತವರಿನೋರು ಒಬ್ಬರೂ ಸಿಗಲ್ಲ. ಅವಳದ್ದು ಅವನ ಕಡೆಯವ್ರಿಗೆ ಹೋಗ್ಬೋದು, ಅವನದ್ದು ಅವಳ ಕಡೆಯವ್ರಿಗೆ ಹೋಗಂಗಿಲ್ಲ. ಇದಕ್ಕೆ ನೀವು ಏನ್ ಹೆಸ್ರು ಇಡ್ತೀರೋ ಇಡಿ, ಆ ಎಡಪಂಥೀಯ ಪದ ಬೇಡ ಅಂದ್ರೆ ನಂಗೇನೂ ಹಠ ಇಲ್ಲ.

ಇದು ಬರೀ ಪುಸ್ತಕದಲ್ಲಿರೋ ಮಾತಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿದ್ದ ಒಂದು ಕೇಸಿದೆ, ನಮ್ಮ ಲಾಯರ್ ಒಬ್ಬರು ಅದನ್ನ ಹೇಳಿದಾಗ ನಾನು ನಂಬ್ಲಿಲ್ಲ, ತೀರ್ಪು ಪ್ರಿಂಟ್ ತೆಗೆಸಿ ಓದಿಸ್ಕೊಂಡೆ. 1955ರಲ್ಲಿ ಮದುವೆ ಆದ ಹುಡುಗಿ. ಮೂರು ತಿಂಗಳೊಳಗೆ ಗಂಡನಿಗೆ ಹಾವು ಕಚ್ಚಿ ಹೋದ. ಗಂಡನ ಮನೆಯವ್ರು ಇವಳನ್ನ ಆಚೆ ಹಾಕಿದ್ರು. ತವರಿನೋರು ಕರ್ಕೊಂಡು ಬಂದು ಓದಿಸಿದ್ರು, ಕೆಲಸಕ್ಕೆ ಸೇರಿದ್ಲು, ಮತ್ತೆ ಮದುವೆ ಆಗ್ಲಿಲ್ಲ, ಆ ಗಂಡನ ಮನೆಯವ್ರ ಮುಖ ನೋಡ್ಲಿಲ್ಲ, 1996ರಲ್ಲಿ ತೀರ್ಕೊಂಡ್ಲು. ಬ್ಯಾಂಕಲ್ಲಿ ದುಡ್ಡಿತ್ತು, ಪಿಎಫ್ ದೊಡ್ಡ ಮೊತ್ತ ಇತ್ತು, ವಿಲ್ ಇರ್ಲಿಲ್ಲ. ಅವಳ ಅಮ್ಮ ನಂಗೆ ಬರ್ಬೇಕು ಅಂತ ಹಾಕಿದ್ರು, ಆ ಗಂಡನ ಸೋದರಿಯ ಮಕ್ಕಳು ನಮಗೆ ಬರ್ಬೇಕು ಅಂತ ಹಾಕಿದ್ರು. ಯಾರಿಗೆ ಸಿಕ್ತು ಗೊತ್ತಾ, ಗಂಡನ ಸೋದರಿಯ ಮಕ್ಕಳಿಗೆ. ಮೂರು ತಿಂಗಳೂ ತುಂಬದ ಸಂಸಾರ, ನಾಲ್ಕು ದಶಕ ತವರಿನ ಅನ್ನ, ಕೊನೆಗೆ ಪಿಎಫ್ ಮಾತ್ರ ಅತ್ತೆಮನೆಗೆ. ಕನಿಕರ ನೋಡಿ ತೀರ್ಪು ಕೊಡಕ್ಕಾಗಲ್ಲ, ಕಾನೂನಲ್ಲಿ ಹಿಂಗಿದೆ ಅಂತ ಕೋರ್ಟಂತು. ಕೋರ್ಟಿನ ತಪ್ಪೂ ಅಲ್ಲ ಬಿಡಿ. ಹಿಂಗಿದೆ ಅಂತ ಬರೆದಿರೋದು ಪಾರ್ಲಿಮೆಂಟು, ಅಂದ್ರೆ ನೀವು ಕೂರೋ ಜಾಗ. ಆ ಹೆಂಗಸು ನೀವು ಹೇಳಿದ ಹಾಗೇ ಎದ್ದು ನಿಂತವಳು, ಓದಿದವಳು, ದುಡಿದವಳು ಮೇಡಂ.

ಇನ್ನೊಂದು ಸ್ವಾರಸ್ಯ ಇದೆ. ಅದೇ ಕಾಯ್ದೇಲಿ ಎರಡು ಸೆಕ್ಷನ್ ಮುಂದೆ ಹೋಗಿ, 17ನೇದು. ಅದು ಕೇರಳದ ಮರುಮಕ್ಕತ್ತಾಯಂ ಮತ್ತೆ ನಮ್ಮ ದಕ್ಷಿಣ ಕನ್ನಡ ಉಡುಪಿ ಕಡೆಯ ಅಳಿಯಸಂತಾನ ಕಟ್ಟು, ಅಂದ್ರೆ ವಂಶಾನ ಅಮ್ಮನ ಕಡೆಯಿಂದ ಲೆಕ್ಕ ಹಾಕೋ ಪದ್ಧತಿ, ಇದ್ದೋರಿಗೆ, ಬಂಟರು ಬಿಲ್ಲವರು ಮೊಗವೀರರು ಇಂಥೋರಿಗೆ. ಅಲ್ಲಿ ಹೆಂಗಸು ತೀರ್ಕೊಂಡ್ರೆ ಮೊದಲನೇ ಸಾಲಲ್ಲಿ ಮಕ್ಕಳು ಮತ್ತೆ ಅಮ್ಮ. ಎರಡನೇದು ಅಪ್ಪ ಮತ್ತೆ ಗಂಡ. ಆಮೇಲೆ ಅಮ್ಮನ ವಾರಸುದಾರರು, ಆಮೇಲೆ ಅಪ್ಪನ ವಾರಸುದಾರರು, ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಗಂಡನ ಕಡೆಯವ್ರು. ಅಂದ್ರೆ ಮಂಗಳೂರಿನ ಒಬ್ಬ ಬಂಟರ ಹೆಣ್ಣುಮಗಳು, ಹಾಸನದ ಒಬ್ಬ ಹೆಣ್ಣುಮಗಳು, ಇಬ್ರೂ ಬೆಂಗಳೂರಿನ ಒಂದೇ ಕಂಪನೀಲಿ ಅಕ್ಕಪಕ್ಕದ ಸೀಟಲ್ಲಿ ಕೂತು ಒಂದೇ ಸಂಬಳ ತಗೊಂಡು ಒಂದೇ ಬ್ಯಾಂಕಲ್ಲಿ ಎಫ್‌ಡಿ ಇಟ್ಟು ಮಕ್ಕಳಿಲ್ದೆ ತೀರ್ಕೊಂಡ್ರೆ ಒಬ್ಬಳ ಅಮ್ಮ ಮೊದಲನೇ ಸಾಲು, ಇನ್ನೊಬ್ಬಳ ಅಮ್ಮ ಗಂಡನ ಅಣ್ಣತಮ್ಮಂದಿರ ಹಿಂದಿನ ಸಾಲು. ಇಬ್ರೂ ಹಿಂದೂಗಳೇ, ಕಾಯ್ದೆನೂ ಒಂದೇ. 1956ರಲ್ಲೇ ಪಾರ್ಲಿಮೆಂಟಿಗೆ ಬೇರೆ ಥರಾನೂ ಬರೀಬೋದು ಅಂತ ಗೊತ್ತಿತ್ತು ಅಂತಾಯ್ತಲ್ಲ.

ಅಂದ ಮಾತ್ರಕ್ಕೆ ತುಳುನಾಡಲ್ಲಿ ಹೆಂಗಸರ ರಾಜ್ಯ ಇತ್ತು ಅಂತ ಯಾರೂ ಕುಣಿಯೋದು ಬೇಡ. ವಂಶ ಅಮ್ಮನ ಕಡೆಯಿಂದ ಲೆಕ್ಕ ಹಾಕ್ತಿದ್ರು, ಯಜಮಾನಿಕೆ ಮಾತ್ರ ಹೆಚ್ಚಾಗಿ ಸೋದರಮಾವನ ಕೈಲೇ ಇರ್ತಿತ್ತು. ಅಪ್ಪನ ಬದಲು ಮಾವ, ಅಷ್ಟೆ. ಆದ್ರೂ ಹೆಣ್ಣುಮಗಳು ಹುಟ್ಟಿದ ಮನೆಗೆ ಹೊರಗಿನೋಳು ಆಗ್ತಿರ್ಲಿಲ್ಲ, ಅದು ಸಣ್ಣ ವಿಷಯ ಏನಲ್ಲ.

ಇನ್ನು ಹೆಂಗಸರು ವಿಲ್ ಬರೆದಿಟ್ರೆ ಆಯ್ತಲ್ಲ ಅಂತ ಹೇಳೋರಿದಾರೆ. 2025ರ ನವೆಂಬರಲ್ಲಿ ಸುಪ್ರೀಂ ಕೋರ್ಟಿಗೆ ಈ 15ನೇ ಸೆಕ್ಷನ್ ವಿರುದ್ಧ ಅರ್ಜಿ ಬಂದಾಗ ಕೋರ್ಟು ಆ ಸೆಕ್ಷನ್ನ ರದ್ದು ಮಾಡ್ಲಿಲ್ಲ, ನಮ್ಮ ಕನ್ನಡದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವ್ರಿದ್ದ ಪೀಠ ಹೆಂಗಸರೆಲ್ಲ ದಯವಿಟ್ಟು ವಿಲ್ ಮಾಡಿಡಿ ಅಂತ ಮನವಿ ಮಾಡ್ತು. ಒಳ್ಳೆ ಸಲಹೆ, ನಾನೂ ಹೇಳ್ತೀನಿ, ಎರಡು ಸಾಕ್ಷಿ ಸೈನ್ ಇದ್ರೆ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ, ಬಿಳಿ ಹಾಳೆ ಮೇಲೂ ಬರೀಬೋದು. ಆದ್ರೆ ನನ್ನ ಅಂಗಡಿಗೆ ವಿಲ್ ಬರೆಸಕ್ಕೆ ಬರೋರು ಬಹುಪಾಲು ವಯಸ್ಸಾದ ಗಂಡಸರು. ಹೆಂಗಸು ಬರಲ್ಲ, ಬಂದ್ರೂ ಗಂಡನ್ನ ಕರ್ಕೊಂಡೇ ಬರ್ತಾಳೆ, ಗಂಡನ ಮುಂದೆ ಕೂತು ನನ್ನದು ನಮ್ಮಮ್ಮಂಗೆ ಅಂತ ಯಾವಳು ಬರೆಸ್ತಾಳೆ ಹೇಳಿ. ಒಬ್ಬರು ಟೀಚರ್ ಒಬ್ರೇ ಬಂದಿದ್ರು, ಬಾಗಿಲು ಹಾಕ್ಬಿಡಿ ಅಂದ್ರು ಬಂದ ತಕ್ಷಣ, ಏನೋ ಕಳ್ಳತನ ಮಾಡ್ತಿರೋ ಹಾಗೆ. ಮಿಕ್ಕವ್ರೆಲ್ಲ ಬ್ಯಾಂಕಲ್ಲಿ ನಾಮಿನಿ ಹಾಕಿದೀನಲ್ಲ ಅಂತ ನಂಬ್ಕೊಂಡಿದಾರೆ. ನಿಮ್ಮ ಇಲಾಖೆನೇ ಮೊನ್ನೆ ಮೊನ್ನೆ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕ್ಬೋದು ಅಂತ ಮಾಡ್ತು, ಚೆನ್ನಾಗಿದೆ, ಆದ್ರೆ ನಾಮಿನಿ ಅಂದ್ರೆ ದುಡ್ಡು ಇಸ್ಕೊಳ್ಳೋ ಕೈ ಅಷ್ಟೆ, ದುಡ್ಡು ಯಾರದ್ದು ಅಂತ ಹೇಳೋದು ಅದೇ 15ನೇ ಸೆಕ್ಷನ್ನು, ಅದನ್ನ ಯಾವ ಬ್ಯಾಂಕಿನೋರೂ ಕೌಂಟರಲ್ಲಿ ಹೇಳಲ್ಲ. ಮತ್ತೆ ಗಂಡಸಿಗೆ ವಿಲ್ ಬರೀದೆ ನಿಶ್ಚಿಂತೆಯಿಂದ ಸಾಯೋ ಸೌಲಭ್ಯ ಇರೋವಾಗ ಹೆಂಗಸಿಗೆ ಮಾತ್ರ ಯಾಕೆ ಈ ಹೋಂವರ್ಕು.

ಹಣಕಾಸು ಮಂತ್ರಿ ಆಗಿ ನಿಮಗೇ ಸೇರಿದ್ದು ಒಂದಿದೆ. ಹಿಂದೂ ಅವಿಭಕ್ತ ಕುಟುಂಬ, ಎಚ್‌ಯುಎಫ್. ಬೇರೆ ಪ್ಯಾನ್ ಕಾರ್ಡು, ಬೇರೆ ರಿಟರ್ನು, ದುಡ್ಡಿರೋ ಮನೆಗಳಲ್ಲಿ ತೆರಿಗೆ ಉಳಿಸಕ್ಕೆ ಇರೋ ಒಂದು ದಾರಿ. ಅದಕ್ಕೊಬ್ಬ ಕರ್ತಾ ಇರ್ತಾನೆ, ಲೆಕ್ಕಪತ್ರ ವ್ಯವಹಾರ ಎಲ್ಲಾ ಅವನದ್ದು. ಮಗಳು ಕರ್ತಾ ಆಗ್ಬೋದು ಅಂತ ದಿಲ್ಲಿ ಹೈಕೋರ್ಟ್ ಹೇಳಿದೆ. ಆದ್ರೆ ಮನೆಗೆ ಬಂದ ಹೆಂಡತಿ ಕರ್ತಾ ಆಗಂಗಿಲ್ಲ, ಯಾಕಂದ್ರೆ ಅವಳು ಸದಸ್ಯೆ ಮಾತ್ರ, ಹುಟ್ಟಿನಿಂದ ಪಾಲುದಾರಳಲ್ಲ. 30 ವರ್ಷ ಆ ಮನೆ ಲೆಕ್ಕ ನೋಡ್ಕೊಂಡಿದ್ರೂ ಗಂಡ ಹೋದ ದಿನ ಕರ್ತಾ ಪಟ್ಟ ಕಾಲೇಜಿಗೆ ಹೋಗೋ ಮಗನಿಗೋ ಮಗಳಿಗೋ ಹೋಗತ್ತೆ, ಇವಳಿಗಲ್ಲ. ನೀವು ಆದಾಯ ತೆರಿಗೆ ಕಾಯ್ದೆನ ಪೂರ್ತಿ ಹೊಸದಾಗಿ ಬರೆಸಿದ್ರಿ 2025ರಲ್ಲಿ, ಹಳೇ ಪದಗಳನ್ನ ಎಷ್ಟೋ ತೆಗೆದು ಸರಳ ಮಾಡಿದ್ರಿ, ಎಚ್‌ಯುಎಫ್ ಮಾತ್ರ ಹಂಗೇ ಉಳೀತು. ಹಿಂದೂ ಕಾನೂನು ಬೇರೆ ಖಾತೆ ಅಂತೀರೇನೋ, ಆದ್ರೆ ಅದಕ್ಕೆ ತೆರಿಗೆ ರಿಯಾಯಿತಿ ಕೊಡ್ತಿರೋದು ನಿಮ್ಮ ಖಾತೆನೇ ಅಲ್ವಾ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕಾನೂನು ಆಯೋಗ 2008ರಲ್ಲೇ ತನ್ನ 207ನೇ ವರದೀಲಿ ಈ 15ನೇ ಸೆಕ್ಷನ್ ತಿದ್ದಿ, ಹೆಂಗಸು ಸ್ವಂತ ದುಡಿದಿದ್ದು ಅವಳ ತವರಿಗೂ ಹೋಗೋ ಹಾಗೆ ಮಾಡಿ ಅಂತ ಹೇಳಿದೆ. ಆಮೇಲೆ ಸರ್ಕಾರ ಬದಲಾಯ್ತು, ನಿಮ್ಮದೇ ಮೂರನೇ ಅವಧಿ ನಡೀತಿದೆ. ಅದನ್ನ ಧೂಳು ಕೊಡವಿ ಕ್ಯಾಬಿನೆಟ್‌ಗೆ ತಗೊಂಡು ಹೋಗಿ. ಹೊಸದಾಗಿ ಬರಿಯೋಕೆ ತಲೆ ಕೆಡಿಸ್ಕೊಳ್ಳೋದೂ ಬೇಡ, 17ನೇ ಸೆಕ್ಷನ್‌ನಲ್ಲಿ ಮಂಗಳೂರಿನೋರಿಗೆ ಬರೆದಿರೋದನ್ನೇ ಹಾಸನ ಮಂಡ್ಯ ರಾಯಚೂರಿನೋರಿಗೂ ಕೊಡಿ, ಅಥವಾ ಗಂಡಸಿಗೆ ಇರೋ ಪಟ್ಟಿನೇ ಹೆಂಗಸಿಗೂ ಇಡಿ, ಯಾವ್ದಾದ್ರೂ ಆದೀತು. ಅಲ್ಲಿವರೆಗೂ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೊರಡಿಸಿ, ಹೆಂಗಸರು ಎಫ್‌ಡಿ ಇಡೋಕೆ ಬಂದಾಗ ನಾಮಿನಿ ಫಾರಂ ಜೊತೆ ವಿಲ್ ಇಲ್ಲ ಅಂದ್ರೆ ಈ ದುಡ್ಡು ಯಾರಿಗೆ ಹೋಗತ್ತೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಪ್ರಿಂಟ್ ಮಾಡಿ ಕೊಡಿ ಅಂತ. ಅದಕ್ಕೆ ಪಾರ್ಲಿಮೆಂಟ್ ಬೇಕಾಗಿಲ್ಲ.

ನೀವು ಅಷ್ಟು ಮಾಡಿದ್ರೆ ಆ ಪದ ಇದೆಯೋ ಇಲ್ವೋ ಅನ್ನೋ ಜಗಳನ ನಾನು ನಿಮ್ಮ ಜೊತೆ ಮುಂದುವರೆಸಲ್ಲ. ಉತ್ತರ ಕಳಿಸೋದಾದ್ರೆ ಕನ್ನಡದಲ್ಲಿ ಕಳಿಸಿ, ಇಂಗ್ಲಿಷ್ ಆದ್ರೂ ಪರವಾಗಿಲ್ಲ, ಆ ಲಾಯರ್ ಹತ್ರ ಓದಿಸ್ಕೊತೀನಿ.

ಇಂತಿ,
ಸಬ್ ರಿಜಿಸ್ಟ್ರಾರ್ ಆಫೀಸ್ ಎದುರು ಪತ್ರ ಬರೆಯೋಳು